ಗೋಕರ್ಣ: ಅಪ್ಪ ಅಮ್ಮನ ಜತೆ ಒಂದೇ ದಿನದಲ್ಲಿ ಆಗುತ್ತದೆಯೇ?

ಜಯನಗರದಿಂದ

ಎಲ್ಲರಿಗೂ ನಮಸ್ಕಾರ. ಶಿವರಾತ್ರಿಯ ನೂಕುನುಗ್ಗಲಿಗೆ ಮೊದಲೇ, ಜನವರಿ ಕೊನೆಯ ಹೊತ್ತಿಗೆ ಅಪ್ಪ ಅಮ್ಮನನ್ನು ಗೋಕರ್ಣಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಅಪ್ಪನಿಗೆ 78. ಮಂಡಿನೋವು, ನಿಧಾನವಾಗಿ ನಡೆಯುತ್ತಾರೆ, ನೆಲಕ್ಕೆ ಕೂತರೆ ಏಳಲು ಯಾರಾದರೂ ಕೈ ಕೊಡಬೇಕು. ಅವರ ಆಸೆ ಎರಡೇ: ಆತ್ಮಲಿಂಗವನ್ನು ಕೈಯಾರೆ ಮುಟ್ಟಬೇಕು, ಕಡಲ ದಂಡೆಯಲ್ಲಿ ನಮ್ಮ ತಾತನಿಗೆ ಎಳ್ಳುನೀರು ಬಿಡಬೇಕು. ಅಮ್ಮನಿಗೆ ತಾಮ್ರಗೌರಿ ದರ್ಶನ. ಮಕ್ಕಳಿಗೆ ಓಂ ಬೀಚ್, ಮುರುಡೇಶ್ವರ.

ಶುಕ್ರವಾರ ರಾತ್ರಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ, ಶನಿವಾರ ಬೆಳಿಗ್ಗೆ ದರ್ಶನ, ಮಧ್ಯಾಹ್ನ ಬೀಚ್, ಸಂಜೆ ಮುರುಡೇಶ್ವರ, ಅಲ್ಲಿಂದಲೇ ರಾತ್ರಿ ವಾಪಸ್. ಹೀಗೊಂದು ಲೆಕ್ಕ ಹಾಕಿದ್ದೇನೆ. ಆಗಬಹುದೇ? ಹೋಗಿ ಬಂದವರು, ಆ ಕಡೆಯವರು ದಯವಿಟ್ಟು ತಿಳಿಸಿ. ಪಂಚೆ ಕಡ್ಡಾಯವೇ, ತರ್ಪಣಕ್ಕೆ ಯಾರನ್ನು ಕೇಳಬೇಕು ಎನ್ನುವುದನ್ನೂ ಹೇಳಿದರೆ ಉಪಕಾರ.

ಕೋಟಿತೀರ್ಥದ ಕೇರಿ

ಅಕ್ಕಾ, ನಾನು ಗೋಕರ್ಣದವನೇ. ಒಂದು ದಿನ ಸಾಲದು. ಮುರುಡೇಶ್ವರವನ್ನು ಆ ದಿನದಿಂದ ತೆಗೆದುಬಿಡಿ, ಉಳಿದದ್ದನ್ನು ಆಮೇಲೆ ನೋಡುವಾ. ಇಲ್ಲಿಂದ ಮುರುಡೇಶ್ವರಕ್ಕೆ 80 ಕಿ.ಮೀ. ಹತ್ತಿರ ಹತ್ತಿರ. 78ರ ಹಿರಿಯರನ್ನು ರಾತ್ರಿ ರೈಲಿನಲ್ಲಿ ಕೂರಿಸಿ ತಂದು, ಬೆಳಿಗ್ಗೆ ಸರತಿಯಲ್ಲಿ ನಿಲ್ಲಿಸಿ, ಮಧ್ಯಾಹ್ನದ ಬಿಸಿಲಿಗೆ ಬೀಚಿಗೆ ಇಳಿಸಿ, ಸಂಜೆ ಮತ್ತೆ ಕಾರು ಹತ್ತಿಸಿದರೆ ಅವರಿಗೆ ದೇವರೂ ನೆನಪಿರುವುದಿಲ್ಲ, ಕಡಲೂ ನೆನಪಿರುವುದಿಲ್ಲ.

ನಮ್ಮ ಊರಿನ ಕ್ರಮ ಹೇಳುತ್ತೇನೆ. ಮೊದಲು ಸ್ನಾನ. ಊರೊಳಗಿನ ಪುಷ್ಕರಣಿ ಕೋಟಿತೀರ್ಥದಲ್ಲೂ ಕಡಲಲ್ಲೂ ಮೀಯುವ ಪದ್ಧತಿ ಇದೆ. ನಿಮ್ಮ ತಂದೆಯವರಿಗೆ ಕೋಟಿತೀರ್ಥದ ಮೆಟ್ಟಿಲು ಇಳಿಸಲು ಹೋಗಬೇಡಿ. ನೀರಿಗೆ ತಾಗಿದ ಮೆಟ್ಟಿಲುಗಳಲ್ಲಿ ಪಾಚಿ ಇರುತ್ತದೆ, ಪ್ರಾಯದವರೇ ಜಾರುತ್ತಾರೆ. ಮೇಲಿನ ಮೆಟ್ಟಿಲಲ್ಲಿ ಕೂರಿಸಿ, ಚೊಂಬಿನಲ್ಲಿ ನೀರು ತಂದು ತಲೆಗೆ ಪ್ರೋಕ್ಷಣೆ ಮಾಡಿದರೆ ಸಾಕು, ಭಟ್ಟರೂ ಅದನ್ನೇ ಹೇಳುತ್ತಾರೆ. ಆಮೇಲೆ ಮಹಾಗಣಪತಿ, ಅನಂತರವೇ ಮಹಾಬಲೇಶ್ವರ. ಗಣಪತಿಯನ್ನು ಬಿಟ್ಟು ನೇರ ಒಳಗೆ ಹೋಗುವವರು ಈಗ ಬಹಳ ಜನ, ಆದರೆ ಇಲ್ಲಿ ಲಿಂಗ ನಿಂತದ್ದೇ ಅವನಿಂದ. ಎರಡು ಕೈಯ, ನಿಂತ ಗಣಪತಿ. ರಾವಣ ಸಿಟ್ಟಿನಲ್ಲಿ ಗುದ್ದಿದ ಗುರುತು ಎಂದು ನೆತ್ತಿಯ ಮೇಲೆ ತಗ್ಗು ತೋರಿಸುತ್ತಾರೆ. ಭಟ್ಟರನ್ನು ಕೇಳಿದರೆ ದೀಪ ಹಿಡಿದು ತೋರಿಸಿಯಾರು, ಮಕ್ಕಳಿಗೆ ಖಂಡಿತ ತೋರಿಸಿ.

ಗಂಡಸರು ಪಂಚೆ ಉಟ್ಟು, ಅಂಗಿ ಬನಿಯನ್ ತೆಗೆದು ಹೋಗಬೇಕು. ಹೆಂಗಸರು ಸೀರೆ ಅಥವಾ ಚೂಡಿದಾರ. ಪಂಚೆ ಮರೆತರೆ ರಥಬೀದಿಯ ಅಂಗಡಿಗಳಲ್ಲಿ ಸಿಗುತ್ತದೆ. ಮಧ್ಯಾಹ್ನದ ಮಹಾಪೂಜೆ ಆದ ಮೇಲೆ ಬಾಗಿಲು ಹಾಕಿದರೆ ಮತ್ತೆ ಸಂಜೆಯೇ. ರೈಲು ತಡವಾಗಿ ಬಂದ ದಿನ ಮಧ್ಯಾಹ್ನದ ಬಾಗಿಲ ಮುಂದೆ ಸೋತ ಮುಖ ಹೊತ್ತು ನಿಂತವರನ್ನು ನಾವು ನೋಡುತ್ತಲೇ ಇರುತ್ತೇವೆ. ಗೋಕರ್ಣ ರೋಡ್ ಸ್ಟೇಷನ್ ಇರುವುದು ಊರೊಳಗಲ್ಲ, ಸುಮಾರು 10 ಕಿ.ಮೀ. ದೂರ, ಮಾದನಗೇರಿ ಕಡೆ. ಇಳಿದ ಕೂಡಲೇ ರಿಕ್ಷಾ ಹಿಡಿಯಬೇಕು.

ಒಂದು ರಾತ್ರಿಯಾದರೂ ಊರಲ್ಲಿ ಉಳಿಯಿರಿ. ಎರಡಾದರೆ ಒಳ್ಳೆಯದು.

ಹುಬ್ಬಳ್ಳಿ ಮಂದಿ

ಭಟ್ರು ಹೇಳಿದ್ದು ಖರೆ ಐತ್ರಿ. ನಾವು ವರ್ಷಾ ವರ್ಷಾ ಹೊಕ್ಕೇವಿ. ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಾಟ್ ಇಳದು ಅಂಕೋಲಾ ಮ್ಯಾಲಿಂದ. ನಮ್ಮ ಕಡೆ ಮಂದಿ ಗೋಕರ್ಣಕ್ಕ ಹೋಗೋದು ಅಂದ್ರ ಶಿವರಾತ್ರಿಗೇ ಹೋಗೋದು. ದೊಡ್ಡ ತೇರು ಎಳಿಯೋದನ್ನ ಕಣ್ಣಾರೆ ನೋಡಿದ್ರ ಬ್ಯಾರೇ ರೀ. ಆದ್ರ ವಯಸ್ಸಾದವ್ರನ್ನ ಕರ್ಕೊಂಡು ಆ ದಿನ ಹೋಗಬ್ಯಾಡ್ರಿ. ಆ ಓಣಿ ಒಳಗ ಕಾಲಿಡಾಕ ಜಾಗಾ ಇರೂದಿಲ್ಲ.

ನಿಮಗ ಇನ್ನೊಂದು ಹೇಳ್ತೇನಿ. ಶನಿವಾರ ರವಿವಾರ ಬ್ಯಾಡ್ರಿ. ಸೋಮವಾರನೂ ಬ್ಯಾಡ, ಶಿವನ ವಾರ ಅಂತ ಗದ್ಲ ಇರ್ತದ. ಮಂಗಳವಾರ ಬುಧವಾರ ಹೋದ್ರ ನಿಮ್ಮ ಅಪ್ಪಾರಿಗೆ ಪೀಠದ ಹತ್ರ ಎರಡು ನಿಮಿಷ ಕೂಡಾಕ ಬಿಡ್ತಾರ. ಶನಿವಾರ ಹೋದ್ರ ಹಿಂದಿನವ್ರು ನೂಕತಾರ, ಮುಂದಿನವ್ರು ಏಳೂದಿಲ್ಲ. ರಜಾ ಹಾಕ್ರಿ, ಏನೂ ಆಗೂದಿಲ್ಲ.

ಮೈಲಾಪುರದ ಕನ್ನಡಿಗ

ಚೆನ್ನೈನಲ್ಲಿ ನೆಲೆಸಿ ಬಹಳ ವರ್ಷವಾಯಿತು. ಇಲ್ಲಿನ ಶಿವಭಕ್ತರು ಗೋಕರ್ಣಕ್ಕೆ ಯಾಕೆ ಅಷ್ಟು ದೂರ ಬರುತ್ತಾರೆ ಎನ್ನುವುದು ನಮ್ಮ ಕಡೆಯ ಅನೇಕರಿಗೆ ತಿಳಿದಿಲ್ಲ, ಅದಕ್ಕೇ ಈ ಮಾತು.

ಏಳನೆಯ ಶತಮಾನದ ನಾಯನ್ಮಾರರು, ಅಂದರೆ ತಮಿಳಿನ ಶಿವಶರಣ ಕವಿಗಳಾದ ಅಪ್ಪರ್ ಮತ್ತು ಸಂಬಂಧರ್ ಇಬ್ಬರೂ ಗೋಕರ್ಣದ ಶಿವನನ್ನು ಹಾಡಿದ್ದಾರೆ. ಅವರ ಹಾಡುಗಳೂ ಸೇರಿರುವ ತೇವಾರ ಎಂಬ ಶಿವಸ್ತುತಿ ಸಂಗ್ರಹದಲ್ಲಿ ಹಾಡು ಪಡೆದ ಕ್ಷೇತ್ರಗಳನ್ನು ಇಲ್ಲಿ ಪಾಡಲ್ ಪೆಟ್ರ ಸ್ಥಲಂ ಎನ್ನುತ್ತಾರೆ. ಅಂಥವು 270ಕ್ಕೂ ಹೆಚ್ಚಿವೆ, ಬಹುಪಾಲು ಕಾವೇರಿಯ ಎರಡು ದಂಡೆಗಳ ಮೇಲೇ ಇವೆ. ಆ ಪಟ್ಟಿಯಲ್ಲಿ ತುಳುನಾಡು ಎಂಬ ತಲೆಬರಹದ ಕೆಳಗೆ ಬರುವುದು ಒಂದೇ ಒಂದು ಊರು, ಅದು ತಿರುಕ್ಕೋಕರ್ಣಂ, ನಮ್ಮ ಗೋಕರ್ಣ. ಎಲ್ಲ ಸ್ಥಲಗಳನ್ನೂ ಒಂದೊಂದಾಗಿ ಮುಗಿಸುವ ವ್ರತ ಹಿಡಿದ ಹಿರಿಯರಿದ್ದಾರೆ. ಅಂಥವರಿಗೆ ಕೈಲಾಸ, ಕೇದಾರದ ಹಾಗೆಯೇ ಇದೂ ದೂರದ ಯಾತ್ರೆ. ಗೋಕರ್ಣದ ಪ್ರಾಕಾರದಲ್ಲಿ ತಮಿಳು ಹಾಡು ಕೇಳಿಸಿದರೆ ಅದು ಹದಿಮೂರು ಶತಮಾನದಿಂದ ಉಳಿದು ಬಂದ ನಂಟು ಎಂದು ತಿಳಿಯಿರಿ. ನನಗಂತೂ ಆ ಹಾಡು ಅಲ್ಲಿ ಕಿವಿಗೆ ಬಿದ್ದಾಗ ಮೈ ನವಿರೇಳುತ್ತದೆ.

ಪುದುಕೋಟೆಯಲ್ಲಿ ತಿರುಗೋಕರ್ಣಂ ಎಂಬ ಬಂಡೆ ಕೊರೆದ ದೇವಸ್ಥಾನ ಇದೆ. ಅದು ಬೇರೆ. ಗೂಗಲ್‌ನಲ್ಲಿ ಹುಡುಕುವಾಗ ಎರಡೂ ಬೆರೆತು ಬರುತ್ತವೆ, ನೋಡಿಕೊಳ್ಳಿ.

ಬ್ಯಾಕ್‌ಪ್ಯಾಕ್ 27

ಎಲ್ಲರೂ ಯಾಕೆ ಇಷ್ಟು ಕಷ್ಟ ಮಾಡಿಕೊಳ್ಳುತ್ತಿದ್ದೀರಿ ಅಂತ ಕೇಳಬೇಕೆನಿಸಿತು. ನಾವು ಗೆಳೆಯರು ಬೆಳಿಗ್ಗೆ ದರ್ಶನ ಮುಗಿಸಿ ಕುಡ್ಲೆ ಬೀಚಿಗೆ ಹೋದೆವು, ಅಲ್ಲಿಂದ ಗುಡ್ಡದ ದಾರಿಯಲ್ಲಿ ಓಂ ಬೀಚ್, ಹಾಫ್ ಮೂನ್. ಸಂಜೆಗೆ ಮುಗಿಯಿತು. ದೇವಸ್ಥಾನ ದೊಡ್ಡದೇನಲ್ಲ. ಒಳಗೆ ಶಿಲ್ಪ ನೋಡುತ್ತಾ ನಿಲ್ಲಲು ಅದು ಬೇಲೂರೂ ಅಲ್ಲ. ಮಕ್ಕಳಿರುವ ಮನೆಯವರು ಅರ್ಧ ದಿನ ದೇವರಿಗೆ, ಅರ್ಧ ದಿನ ಕಡಲಿಗೆ ಕೊಟ್ಟರೆ ತಪ್ಪೇನು?

ಕೋಟಿತೀರ್ಥದ ಕೇರಿ

ತಪ್ಪು ಅಂತ ಯಾರೂ ಹೇಳಲಿಲ್ಲ ತಮಾ. ನೀವು ಬಂದದ್ದು ಸಂತೋಷ. ಆದರೆ ದೇವಸ್ಥಾನ ದೊಡ್ಡದಲ್ಲ ಎಂದಿರಿ ನೋಡಿ, ಅಲ್ಲೇ ನಾನು ಒಪ್ಪದಿರುವುದು. ಗೋಕರ್ಣದಲ್ಲಿ ದೇವಸ್ಥಾನ ಎಂದರೆ ಆ ಒಂದು ಗುಡಿಯ ಗೋಡೆಯೊಳಗೆ ಮುಗಿಯುವಂಥದ್ದಲ್ಲ. ಮಹಾಬಲೇಶ್ವರ, ಪಕ್ಕದಲ್ಲಿ ತಾಮ್ರಗೌರಿ, ಬೀದಿಯಲ್ಲಿ ಗಣಪತಿ, ವೆಂಕಟರಮಣ, ಊರ ಬಾಗಿಲಲ್ಲಿ ಕಾವಲು ನಿಂತ ಭದ್ರಕಾಳಿ, ಕೋಟಿತೀರ್ಥದ ಸುತ್ತ ಸಣ್ಣ ಸಣ್ಣ ಗುಡಿಗಳು, ದಂಡೆಯ ದಕ್ಷಿಣದ ತುದಿಯಲ್ಲಿ ರಾಮತೀರ್ಥ. ಇಷ್ಟೂ ಸೇರಿ ಒಂದು ಕ್ಷೇತ್ರ. ನಡೆದರೇ ಅದು ತಿಳಿಯುವುದು, ಕಾರಿನಲ್ಲಿ ಕೂತವರಿಗೆ ಸಿಗುವುದಿಲ್ಲ.

ನೀವು ಕುಡ್ಲೆಗೆ ಗುಡ್ಡ ಹತ್ತಿ ಹೋದಿರಲ್ಲ, ಆ ದಾರಿಯ ಬುಡದಲ್ಲೇ ರಾಮ ದೇವಸ್ಥಾನ ಇದೆ. ಅಲ್ಲಿ ಉಪ್ಪುನೀರಿನ ಕಡಲಿನಿಂದ ಕೆಲವೇ ಹೆಜ್ಜೆ ದೂರದಲ್ಲಿ ಬಂಡೆಯಿಂದ ಸಿಹಿನೀರು ಬೀಳುತ್ತದೆ. ಸಮುದ್ರದಲ್ಲಿ ಮಿಂದು ಬಂದವರು ಅಲ್ಲೇ ಉಪ್ಪು ತೊಳೆದುಕೊಳ್ಳುತ್ತಾರೆ. ಮುಂದಿನ ಸಲ ಅಲ್ಲಿ ಸ್ವಲ್ಪ ಹೊತ್ತು ಕೂತು ನೋಡಿ.

ಹಳೆಗನ್ನಡ ಮೇಷ್ಟ್ರು

ಒಂದು ದಿನವೋ ಎರಡು ದಿನವೋ ಎಂಬ ಈ ಚರ್ಚೆಗೆ ವ್ಯಾಸರೇ ಉತ್ತರ ಕೊಟ್ಟಿದ್ದಾರೆ ಎಂದು ಹೇಳಲು ಬಂದೆ. ಮಹಾಭಾರತದ ವನಪರ್ವದಲ್ಲಿ ತೀರ್ಥಯಾತ್ರೆಯ ಭಾಗ ಇದೆ. ಅಲ್ಲಿ ಮೂರು ಲೋಕದಲ್ಲೂ ಹೆಸರಾದ ಗೋಕರ್ಣ ಎಂದು ಕರೆದು, ಅಲ್ಲಿನ ಈಶಾನನನ್ನು ಪೂಜಿಸಿ ಮೂರು ರಾತ್ರಿ ಉಪವಾಸ ಇದ್ದವನಿಗೆ ಹತ್ತು ಅಶ್ವಮೇಧದ ಫಲ ಎಂದಿದೆ. ಹನ್ನೆರಡು ರಾತ್ರಿ ಇದ್ದರೆ ಇನ್ನೂ ಹೆಚ್ಚು. ಉಪವಾಸದ ಮಾತು ಈಗಿನ ಹಿರಿಯರಿಗೆ ಬೇಡ, ಮಾತ್ರೆ ನುಂಗಬೇಕಲ್ಲ. ಆದರೆ ಮೂರು ರಾತ್ರಿ ಎಂದದ್ದನ್ನು ಗಮನಿಸಿ. ತೀರ್ಥದಲ್ಲಿ ಇರುವುದೇ ಯಾತ್ರೆಯ ಮುಖ್ಯ ಭಾಗವಾಗಿತ್ತು. ಇದ್ದು, ಮಿಂದು, ಮಲಗಿ, ಮತ್ತೆ ಎದ್ದು ಅದೇ ದೇವರನ್ನು ನೋಡುವುದು. ನಾವು ಈಗ ದರ್ಶನ ಎಂಬ ಒಂದು ಕ್ಷಣವನ್ನು ಮಾತ್ರ ಉಳಿಸಿಕೊಂಡು, ಅದರ ಸುತ್ತ ಇದ್ದದ್ದನ್ನೆಲ್ಲ ಕಳಚಿ ಹಾಕಿದ್ದೇವೆ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ.

ಕಾಳಿದಾಸನ ರಘುವಂಶದ ಎಂಟನೆಯ ಸರ್ಗದಲ್ಲಿ ನಾರದರು ಆಕಾಶಮಾರ್ಗವಾಗಿ ಹೊರಟದ್ದೂ ಇಲ್ಲಿಗೇ. ದಕ್ಷಿಣ ಸಮುದ್ರದ ದಡದಲ್ಲಿ ಗೋಕರ್ಣದಲ್ಲಿ ನೆಲೆಸಿದ ಈಶ್ವರನ ಮುಂದೆ ವೀಣೆ ನುಡಿಸಲು. ಆ ದಾರಿಯಲ್ಲಿ ವೀಣೆಯ ತುದಿಗೆ ಕಟ್ಟಿದ್ದ ಹೂಮಾಲೆ ಗಾಳಿಗೆ ಜಾರಿ ಅಜ ಮಹಾರಾಜನ ರಾಣಿ ಇಂದುಮತಿಯ ಎದೆಯ ಮೇಲೆ ಬಿತ್ತು, ಅವಳು ಪ್ರಾಣ ಬಿಟ್ಟಳು, ಅಜನ ವಿಲಾಪ ಶುರುವಾಯಿತು. ಆ ಸರ್ಗವನ್ನು ಪಾಠ ಮಾಡಿದ್ದವರಿಗೆ ಗೋಕರ್ಣದ ಹೆಸರು ಕೇಳಿದರೆ ಮೊದಲು ನೆನಪಾಗುವುದು ಆ ಮಾಲೆಯೇ.

ಇತಿಹಾಸಕ್ಕೆ ಬಂದರೆ, 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಬಸರೂರಿನ ಮೇಲೆ ದಾಳಿ ಮಾಡಿ ಹಿಂದಿರುಗುವಾಗ ಗೋಕರ್ಣದಲ್ಲಿ ಇಳಿದು ಸಮುದ್ರಸ್ನಾನ ಮಾಡಿದ. ಯುದ್ಧದ ಅವಸರದಲ್ಲಿದ್ದವನೂ ಇಲ್ಲಿ ಇಳಿಯದೆ ಹೋಗಲಿಲ್ಲ.

ಜಯನಗರದಿಂದ

ಎಲ್ಲರಿಗೂ ತುಂಬಾ ಧನ್ಯವಾದ. ಮೇಷ್ಟ್ರು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಮೂರು ರಾತ್ರಿ ಎಂದ ಕೂಡಲೇ ಅವರ ಮುಖ ನೋಡಬೇಕಿತ್ತು. ಸರಿ, ಮಂಗಳವಾರ ಬೆಳಿಗ್ಗೆ ತಲುಪಿ ಶುಕ್ರವಾರ ಹೊರಡುವಂತೆ ಟಿಕೆಟ್ ಬದಲಿಸುತ್ತೇನೆ.

ಇನ್ನೆರಡು ಸಂಶಯ. ತರ್ಪಣಕ್ಕೆ ಮೊದಲೇ ಯಾರಿಗಾದರೂ ಹೇಳಿಡಬೇಕೇ? ನಮ್ಮ ಸಂಬಂಧಿಕರೊಬ್ಬರು ಹೋದಾಗ ಬಸ್‌ಸ್ಟ್ಯಾಂಡಿನಲ್ಲೇ ಒಬ್ಬರು ಹಿಂದೆ ಬಿದ್ದು, ಆಮೇಲೆ ಹೇಳಿದ್ದಕ್ಕಿಂತ ಬಹಳ ಹೆಚ್ಚು ಕೇಳಿದರಂತೆ. ಮತ್ತೆ, ಹೆಂಗಸರಿಗೆ ಲಿಂಗ ಮುಟ್ಟಲು ಅವಕಾಶ ಇದೆಯೇ? ಅಮ್ಮ ಕೇಳಲು ಸಂಕೋಚಪಡುತ್ತಿದ್ದಾರೆ.

ಶಿರಸಿಯ ಸೊಸೆ

ಇದೆ, ಅಮ್ಮನಿಗೆ ಧೈರ್ಯವಾಗಿ ಹೇಳಿ. ಗಂಡಸರು ಹೆಂಗಸರು, ಈ ಜಾತಿ ಆ ಜಾತಿ ಎಂದಿಲ್ಲದೆ ಭಕ್ತರು ಕೈಯಿಂದ ಮುಟ್ಟಿ ಪೂಜಿಸುವುದು ಈ ಕ್ಷೇತ್ರದ ದೊಡ್ಡತನ. ಎಷ್ಟೋ ಹೆಸರಾಂತ ದೇವಸ್ಥಾನಗಳಲ್ಲಿ ದೂರದಿಂದ ಕತ್ತು ಚಾಚಿ ನೋಡಿ ಬರುತ್ತೇವೆ, ಇಲ್ಲಿ ದೇವರು ಬೆರಳಿಗೆ ಸಿಗುತ್ತಾನೆ.

ಹೇಗಿರುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ, ಅಪ್ಪನವರಿಗೂ ತಯಾರಿ ಇರಲಿ. ಗರ್ಭಗುಡಿ ಚಿಕ್ಕದು, ನೆಲ ಒದ್ದೆ. ಕಣ್ಣಿಗೆ ಎತ್ತರದ ಲಿಂಗ ಕಾಣುತ್ತದೆ ಎಂದುಕೊಂಡು ಹೋದರೆ ಗಲಿಬಿಲಿಯಾಗುತ್ತದೆ. ಇರುವುದು ಚೌಕನೆಯ ಪೀಠ, ಅದರ ನಡುವೆ ಒಂದು ಕುಳಿ. ಪಕ್ಕದಲ್ಲಿ ಕೂತು, ಬಾಗಿ, ಕೈಯನ್ನು ಆ ಕುಳಿಯೊಳಗೆ ಇಳಿಸಬೇಕು. ಒಳಗೆ ಅಭಿಷೇಕದ ನೀರು, ಬಿಲ್ವಪತ್ರೆ, ಹೂವಿನ ಎಸಳು. ಅದನ್ನು ದಾಟಿ ಬೆರಳು ಇನ್ನೂ ಕೆಳಗೆ ಹೋದಾಗ ತಣ್ಣನೆಯ ಕಲ್ಲಿನ ತುದಿ ತಾಗುತ್ತದೆ. ನುಣುಪಲ್ಲ, ಉಬ್ಬು ತಗ್ಗು ಇದೆ. ಅಷ್ಟೇ. ಲಿಂಗದ ಉಳಿದ ಭಾಗ ಪೀಠದ ಕೆಳಗೆ. 40 ವರ್ಷಕ್ಕೊಮ್ಮೆ ಅಷ್ಟಬಂಧ, ಅಂದರೆ ಲಿಂಗವನ್ನು ಪೀಠಕ್ಕೆ ಮತ್ತೆ ಬಂಧಿಸುವ ಕಾರ್ಯ, ಮಾಡುವಾಗ ಮಾತ್ರ ಪೂರ್ತಿ ದರ್ಶನ ಎಂದು ಹಿರಿಯರು ಹೇಳುತ್ತಾರೆ.

ಅಪ್ಪನವರ ಮಂಡಿಗೆ ತೊಂದರೆಯಾಗುವುದು ಇಲ್ಲೇ. ಕೂರಬೇಕು, ಏಳಬೇಕು. ಮಗನೋ ಅಳಿಯನೋ ಹಿಂದೆಯೇ ಇರಲಿ. ಒಳಗಿರುವ ಅರ್ಚಕರಿಗೆ ಬಾಗಿಲಲ್ಲೇ ಒಂದು ಮಾತು ಹೇಳಿ, ಹಿರಿಯರು, ಕೂತು ಏಳಲು ಹೊತ್ತು ಬೇಕು ಎಂದು. ಅವರೇ ಕೈ ಹಿಡಿದು ಕೂರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೆರಳಿನ ಉಂಗುರ ತೆಗೆದು ಮನೆಯವರ ಕೈಗೆ ಕೊಟ್ಟು ಹೋಗಲಿ.

ಬಿಲ್ವ, ಹೂವು ದೇವಸ್ಥಾನದ ಹತ್ತಿರವೇ ಸಿಗುತ್ತದೆ. ಬುಟ್ಟಿ ಇಟ್ಟುಕೊಂಡು ಸಾಲಾಗಿ ಕೂತ ಹಾಲಕ್ಕಿ ಹೆಂಗಸರಿಂದ ತೆಗೆದುಕೊಳ್ಳಿ. ಕೊರಳ ತುಂಬ ಮಣಿಸರ ಹಾಕಿ, ಸೀರೆಯನ್ನು ತಮ್ಮದೇ ರೀತಿಯಲ್ಲಿ ಉಟ್ಟಿರುತ್ತಾರೆ, ನೋಡಿದ ಕೂಡಲೇ ಗುರುತು ಸಿಗುತ್ತದೆ. ಸುತ್ತಲಿನ ಹಳ್ಳಿಗಳಲ್ಲಿ ತಾವೇ ಬೆಳೆದ ಬದನೆ, ಹರಿವೆ, ಬೆಂಡೆಯನ್ನೂ ತರುತ್ತಾರೆ. ಚೌಕಾಸಿ ಮಾಡಬೇಡಿ, ಅವರು ಹೇಳುವುದೇ ಕಡಿಮೆ.

ಕೋಟಿತೀರ್ಥದ ಕೇರಿ

ತರ್ಪಣದ ವಿಷಯ. ಇಲ್ಲಿ ಪೂಜೆಯ ಹಕ್ಕುಳ್ಳ ಮನೆತನದವರನ್ನು ಉಪಾಧಿವಂತರು ಎನ್ನುತ್ತೇವೆ. ಬಹಳ ಮನೆತನಗಳಿಗೆ ಇಲ್ಲಿ ತಲೆತಲಾಂತರದಿಂದ ಬಂದ ಪುರೋಹಿತರ ಮನೆ ಎಂದೇ ಇರುತ್ತದೆ. ಅಜ್ಜ ಬಂದಾಗ ಯಾರ ಮನೆಯಲ್ಲಿ ಉಳಿದರೋ ಮೊಮ್ಮಗನೂ ಅಲ್ಲೇ. ಹೋಟೆಲು ಲಾಡ್ಜು ಬರುವ ಮುಂಚೆ ಯಾತ್ರಿಕರು ಉಂಡು ಮಲಗುತ್ತಿದ್ದದ್ದೂ ಈ ಮನೆಗಳ ಜಗಲಿಯಲ್ಲೇ. ನಿಮ್ಮ ತಂದೆಯವರನ್ನು ಕೇಳಿ ನೋಡಿ, ಅವರ ತಂದೆ ಯಾವಾಗಲಾದರೂ ಗೋಕರ್ಣಕ್ಕೆ ಬಂದಿದ್ದರೇ, ಯಾರ ಮನೆಯ ಹೆಸರು ಹೇಳುತ್ತಿದ್ದರು ಎಂದು. ಹೆಸರು ಸಿಕ್ಕಿದರೆ ಊರಲ್ಲಿ ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ.

ಸಿಗದಿದ್ದರೂ ಚಿಂತೆ ಬೇಡ. ಉಳಿದುಕೊಂಡ ಕಡೆಯವರನ್ನೋ, ದೇವಸ್ಥಾನದ ಕಚೇರಿಯನ್ನೋ ಕೇಳಿ. ಸೇವೆಗಳಿಗೆ ದೇವಸ್ಥಾನದ ಕೌಂಟರ್‌ನಲ್ಲಿ ರಶೀದಿ ಇದೆ. ಹೊರಗಿನ ಕರ್ಮಗಳಿಗೆ, ಅಂದರೆ ತರ್ಪಣ, ತ್ರಿಪಿಂಡಿ, ನಾರಾಯಣಬಲಿಯಂಥವಕ್ಕೆ, ಸಾಮಗ್ರಿ ದಕ್ಷಿಣೆ ಎಲ್ಲ ಸೇರಿ ಎಷ್ಟು ಎಂದು ಮೊದಲೇ ಮಾತಾಡಿಕೊಳ್ಳಿ. ಮಾತಾಡುವುದರಲ್ಲಿ ಅಗೌರವ ಏನೂ ಇಲ್ಲ, ಒಳ್ಳೆಯ ಭಟ್ಟರು ತಾವಾಗಿಯೇ ಹೇಳುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ, ಸ್ಟೇಷನ್ನಿನಲ್ಲಿ ಕೈ ಹಿಡಿದು ಎಳೆಯುವವರ ಹಿಂದೆ ಮಾತ್ರ ಹೋಗಬೇಡಿ. ನಿಮಗೆ ಬೇಕಾದದ್ದು ಬರೀ ಎಳ್ಳುನೀರು. ಅದಕ್ಕೆ ಅದೂ ಸೇರಿಸಿ ಇದೂ ಸೇರಿಸಿ ಎಂದು ಭಯ ಹುಟ್ಟಿಸಿದರೆ ಕೈ ಮುಗಿದು ಎದ್ದು ಬನ್ನಿ.

ಕಾನೂನು ಓದಿದವನು

ದೇವಸ್ಥಾನದ ಆಡಳಿತ ಈಗ ಯಾರ ಕೈಯಲ್ಲಿದೆ ಎಂದು ಆಗಾಗ ಗೊಂದಲ ಇರುತ್ತದೆ. 2008ರಲ್ಲಿ ಸರ್ಕಾರ ರಾಮಚಂದ್ರಾಪುರ ಮಠಕ್ಕೆ ವಹಿಸಿತ್ತು, ಅದು ನ್ಯಾಯಾಲಯದ ಮೆಟ್ಟಿಲೇರಿತು. 2021ರಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟು, ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಅಧ್ಯಕ್ಷತೆಯ ಮೇಲುಸ್ತುವಾರಿ ಸಮಿತಿಗೆ ಒಪ್ಪಿಸಿತು. ಯಾತ್ರಿಕರಿಗೆ ಇದರಿಂದ ತಿಳಿಯಬೇಕಾದದ್ದು ಇಷ್ಟೇ: ಹಣ ಕೊಟ್ಟರೆ ರಶೀದಿ ಕೇಳಿ ಪಡೆಯಿರಿ. ಆಡಳಿತದ ಜಗಳವನ್ನು ಇಲ್ಲಿ ಬೆಳೆಸುವುದು ಬೇಡ ಎಂದು ನನ್ನ ವಿನಂತಿ.

ಕುಮಟೆಯ ಹುಡುಗಿ

ಅಕ್ಕಾ, ಮೂರು ರಾತ್ರಿ ಇರುತ್ತೀರಿ ಅಂದರೆ ಮುರುಡೇಶ್ವರಕ್ಕೆ ಒಂದು ದಿನ ಬೇರೆಯೇ ಇಡಬಹುದು. ಮತ್ತೆ ಅದನ್ನು ಬರೀ ಮುರುಡೇಶ್ವರ ಅಂತ ಮಾಡಬೇಡಿ, ದಾರಿಯುದ್ದಕ್ಕೂ ಅದೇ ಕಥೆ ಮುಂದುವರಿಯುತ್ತದೆ. ಗಣಪತಿ ಆತ್ಮಲಿಂಗವನ್ನು ನೆಲಕ್ಕಿಟ್ಟ ಮೇಲೆ ರಾವಣ ಅದನ್ನು ಎಳೆದ, ಬರಲಿಲ್ಲ. ಸಿಟ್ಟಿನಿಂದ ಲಿಂಗದ ಪೆಟ್ಟಿಗೆ, ಮುಚ್ಚಳ, ದಾರ, ಹೊದೆಸಿದ ಬಟ್ಟೆ ಎಲ್ಲ ಕಿತ್ತು ಬಿಸಾಡಿದ. ಪೆಟ್ಟಿಗೆ ಬಿದ್ದದ್ದು ಕಾರವಾರದ ಹತ್ತಿರ ಸಜ್ಜೇಶ್ವರ, ದಾರ ಬಿದ್ದದ್ದು ಧಾರೇಶ್ವರ, ಮುಚ್ಚಳ ಗುಣವಂತೆ, ಬಟ್ಟೆ ಮುರುಡೇಶ್ವರ. ಗೋಕರ್ಣ ಸೇರಿ ಪಂಚಕ್ಷೇತ್ರ. ಸಜ್ಜೇಶ್ವರ ಒಂದು ಉತ್ತರಕ್ಕೆ, ಉಳಿದ ಮೂರೂ ದಕ್ಷಿಣಕ್ಕೆ ಹೆದ್ದಾರಿ 66ರ ಆಚೀಚೆಯೇ ಇವೆ.

ಮಕ್ಕಳಿಗೆ ಹೋಗುವಾಗಲೇ ಕಥೆ ಹೇಳುತ್ತಾ ಹೋಗಿ. ಧಾರೇಶ್ವರ ನಮ್ಮ ಕುಮಟೆ ದಾಟಿದ ಕೂಡಲೇ, ಕಡಲ ಹತ್ತಿರ. ಹಳೆಯ ಕಲ್ಲಿನ ದೇವಸ್ಥಾನ, ಜನವೂ ಕಡಿಮೆ, ನಿಮ್ಮ ಅಪ್ಪ ಅಲ್ಲಿ ಪ್ರಾಕಾರದಲ್ಲಿ ನೆಮ್ಮದಿಯಾಗಿ ಕೂರಬಹುದು. ನನ್ನನ್ನು ಕೇಳಿದರೆ ಐದರಲ್ಲಿ ಅತ್ಯಂತ ಚೆಂದದ್ದು ಅದೇ. ಆಮೇಲೆ ಹೊನ್ನಾವರದಲ್ಲಿ ಶರಾವತಿ ಸೇತುವೆ. ಅದನ್ನು ದಾಟಿ ಮುಂದೆ ಹೋಗಿ ಒಳಗೆ ತಿರುಗಿದರೆ ಇಡಗುಂಜಿ. ಅಲ್ಲೂ ಎರಡು ಕೈಯ ನಿಂತ ಗಣಪತಿಯೇ, ಗೋಕರ್ಣದ್ದನ್ನು ನೋಡಿ ಬಂದ ಮಕ್ಕಳು ತಾವೇ ಹೋಲಿಸಿ ಹೇಳುತ್ತಾರೆ. ಗುಣವಂತೆ ಚಿಕ್ಕ ನಿಲುಗಡೆ. ಕೊನೆಗೆ ಮುರುಡೇಶ್ವರ. 123 ಅಡಿಯ ಶಿವ, 20 ಅಂತಸ್ತಿನ ಗೋಪುರ, ಲಿಫ್ಟ್ ಕೂಡ ಇದೆ, ಮಕ್ಕಳಿಗೆ ಅದು ಸಾಕು.

ಕಡಲಿನ ಬಗ್ಗೆ ಒಂದು ಕಳಕಳಿಯ ಮಾತು. ಜನವರಿಯಲ್ಲಿ ಶಾಂತವಾಗಿ ಕಾಣುತ್ತದೆ ಅಂತ ಮಕ್ಕಳನ್ನು ಸೊಂಟದ ನೀರಿನವರೆಗೆ ಬಿಡಬೇಡಿ. ದೇವಸ್ಥಾನದ ಎದುರಿನ ಮುಖ್ಯ ಬೀಚಿನಲ್ಲಿ ಒಳಸೆಳೆತ ಇದೆ. ಓಂ ಬೀಚಿನಲ್ಲಿ ನಡುವಿನ ಬಂಡೆ ಹತ್ತಿ ಫೋಟೋ ತೆಗೆಯುವಾಗ ಅಲೆ ಬಡಿದು ಬಿದ್ದವರಿದ್ದಾರೆ. ಜೀವರಕ್ಷಕರು ಸೀಟಿ ಊದಿದರೆ ಕೂಡಲೇ ಹಿಂದೆ ಬನ್ನಿ, ವಾದ ಬೇಡ.

ಮಳೆಗಾಲದ ಪ್ರೇಮಿ

ಒಬ್ಬರಾದರೂ ಮಳೆಗಾಲದ ಗೋಕರ್ಣದ ಬಗ್ಗೆ ಹೇಳುತ್ತಾರೆ ಅಂತ ಕಾಯುತ್ತಿದ್ದೆ. ಆಷಾಢ ಶ್ರಾವಣದಲ್ಲಿ ಪ್ರವಾಸಿಗಳಿಲ್ಲ, ಕೋಟಿತೀರ್ಥ ಮೇಲಿನ ಮೆಟ್ಟಿಲವರೆಗೆ ತುಂಬಿರುತ್ತದೆ, ಮನೆಗಳ ಹೆಂಚಿನಿಂದ ನೀರು ಸುರಿಯುತ್ತಿರುತ್ತದೆ, ಗರ್ಭಗುಡಿಯೊಳಗಿನ ಮಂತ್ರದ ಹಿಂದೆ ಕಡಲಿನ ಮೊರೆತ ಬಿಡದೆ ಕೇಳುತ್ತದೆ. ನಾನಂತೂ ಆಗಲೇ ಹೋಗುವುದು.

ಕುಮಟೆಯ ಹುಡುಗಿ

ಚೆಂದ ಹೌದು. ಹಿರಿಯರ ಜತೆಗೆ ಮಾತ್ರ ಬೇಡ. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ನಾವು ಈ ಕಡೆಯವರು ಮರೆತಿಲ್ಲ. ಚಹಾ ಕುಡಿಯಲು ನಿಂತವರೂ ಹೋದರು. ಜೋರು ಮಳೆಯ ವಾರದಲ್ಲಿ ಘಾಟ್ ಇಳಿಯುವ ಮುಂಚೆ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿಯೇ ಹೊರಡಿ.

ಕೋಟಿತೀರ್ಥದ ಕೇರಿ

ಇಷ್ಟೆಲ್ಲ ಮಾತು ಬಂದದ್ದಕ್ಕೆ ನಾನೂ ಒಂದು ಬೇಡಿಕೆ ಇಡುತ್ತೇನೆ. ಕೋಟಿತೀರ್ಥದಲ್ಲಿ, ಕಡಲ ದಂಡೆಯಲ್ಲಿ ಕರ್ಮ ಮುಗಿಸಿದವರು ಉಟ್ಟ ಬಟ್ಟೆ, ಪ್ಲಾಸ್ಟಿಕ್ ಕೊಟ್ಟೆ, ಎಣ್ಣೆ ಪ್ಯಾಕೆಟ್ ಎಲ್ಲ ಅಲ್ಲೇ ಬಿಟ್ಟು ಹೋಗುತ್ತಾರೆ. ಬಟ್ಟೆ ನೀರಿನಲ್ಲಿ ಬಿಟ್ಟರೆ ಪುಣ್ಯ ಎಂದು ಯಾರೋ ಹೇಳಿರುತ್ತಾರೆ. ನಮ್ಮ ಹಿರಿಯರು ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಆ ಬಟ್ಟೆಗಳೆಲ್ಲ ಮೆಟ್ಟಿಲಿಗೆ ಅಂಟಿಕೊಂಡು ಕೊಳೆಯುತ್ತವೆ. ಅದೇ ನೀರಿನಲ್ಲಿ ಮರುದಿನ ಇನ್ನೊಬ್ಬರು ತಮ್ಮ ತಂದೆಗೆ ತರ್ಪಣ ಬಿಡಬೇಕು. ಎಳ್ಳು, ದರ್ಭೆ, ಅಕ್ಕಿ ನೀರಿಗೆ ಸಲ್ಲುತ್ತವೆ. ಉಳಿದದ್ದನ್ನು ಒಂದು ಕೈಚೀಲದಲ್ಲಿ ಕಟ್ಟಿಕೊಂಡು ಹೋಗಿ. ಅಕ್ಕಾ, ನೀವು ಹೀಗೆ ಮಾಡಿದರೆ ಪಕ್ಕದಲ್ಲಿದ್ದವರೂ ನೋಡುತ್ತಾರೆ.

ಬ್ಯಾಕ್‌ಪ್ಯಾಕ್ 27

ಇದನ್ನು ಪೂರ್ತಿ ಒಪ್ಪುತ್ತೇನೆ. ಬೀಚಿನಲ್ಲಿ ಬಾಟಲಿ ಬಿಸಾಡುವವರಿಗೂ ಇದೇ ಮಾತು ಸಲ್ಲಬೇಕು, ಅವರಲ್ಲಿ ನನ್ನ ವಯಸ್ಸಿನವರೇ ಹೆಚ್ಚು. ಬರುವ ತಿಂಗಳು ಮತ್ತೆ ಹೊರಟಿದ್ದೇವೆ, ಈ ಸಲ ರಾಮತೀರ್ಥ, ಭದ್ರಕಾಳಿ ಎರಡನ್ನೂ ಸೇರಿಸಿಕೊಂಡಿದ್ದೇವೆ. ದೇವಸ್ಥಾನ ಬಿಟ್ಟು ಊರಿನ ಸುತ್ತ ನೋಡುವಂಥದ್ದು, ಬೀಚ್ ಅಲ್ಲದ್ದು, ಇನ್ನೇನಿದೆ?

ಕೋಟಿತೀರ್ಥದ ಕೇರಿ

ಸಾಣಿಕಟ್ಟಾಕ್ಕೆ ಹೋಗಿ ತಮಾ. ಕುಮಟೆ ಕಡೆ ಹೋಗುವ ದಾರಿಯಲ್ಲೇ ಸಿಗುತ್ತದೆ. ಅಘನಾಶಿನಿಯ ಅಳಿವೆಗೆ ಭರತದ ಹೊತ್ತಿಗೆ ಏರುವ ಉಪ್ಪುನೀರನ್ನು ತೂಬಿನಿಂದ ಒಳಗೆ ಬಿಟ್ಟುಕೊಂಡು, ಬಿಸಿಲಿಗೆ ಗಟ್ಟಿ ಮಾಡುತ್ತಾ ಮಾಡುತ್ತಾ ಸಣ್ಣ ಪಾತಿಗಳಿಗೆ ತರುತ್ತಾರೆ. ಹಲಗೆಯಲ್ಲಿ ಎಳೆದು ರಾಶಿ ಹಾಕುವ ಕೆಲಸ ಬೇಸಿಗೆ ಏರಿದಂತೆ ಜೋರು. ಹರಳು ದಪ್ಪ, ಬಣ್ಣ ಸ್ವಲ್ಪ ಕಂದು. ಅಪ್ಪೆಮಿಡಿ ಉಪ್ಪಿನಕಾಯಿಗೆ ನಮ್ಮ ಮನೆಗಳಲ್ಲಿ ಇವತ್ತಿಗೂ ಇದೇ ಉಪ್ಪು ಬೇಕು. ಆ ಅಳಿವೆಗೆ 2024ರಲ್ಲಿ ಜೌಗು ಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸಾರ್ ಮನ್ನಣೆಯೂ ಸಿಕ್ಕಿದೆ. ಅಲ್ಲಿನ ಗಜನಿಯಲ್ಲಿ, ಅಂದರೆ ಅಳಿವೆಯಂಚಿನ ತಗ್ಗು ಗದ್ದೆಗಳಲ್ಲಿ, ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ.

ಅಲ್ಲಿಂದ ತದಡಿ ಬಂದರಿಗೆ ಹೋಗಿ. ಬೈಕನ್ನೂ ಹತ್ತಿಸಿಕೊಳ್ಳುವ ದೋಣಿ ಇದೆ, ನದಿ ದಾಟಿದರೆ ಅಘನಾಶಿನಿ ಊರು, ಅಲ್ಲಿಂದ ದಂಡೆಯ ದಾರಿಯಲ್ಲೇ ಕುಮಟೆ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಹೋಗುವಾಗಲೇ ನಾವಿಕರನ್ನು ಕೇಳಿಟ್ಟುಕೊಳ್ಳಿ. ತಪ್ಪಿದರೆ ಮಿರ್ಜಾನ್ ಸುತ್ತಿಕೊಂಡು ಬರಬೇಕಾಗುತ್ತದೆ. ಹಾಗೆ ಸುತ್ತಿ ಬಂದರೆ ಮಿರ್ಜಾನ್ ಕೋಟೆಯನ್ನು ನೋಡಿಕೊಂಡೇ ಬನ್ನಿ, ಕತ್ತಲಾಗುವ ಮೊದಲು ತಲುಪಬೇಕು ಅಷ್ಟೆ.